ಅರವತ್ತನಾಲ್ಕು ಕಿಲೋ

2023ರ ಬೇಸಿಗೆಯಲ್ಲಿ ನಾನು ಪೂರ್ವ ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೆಡಿಸಿನ್ ವಿಭಾಗದ ಒಂದು ಯೂನಿಟ್ಟಿನ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿ ಎಂಡಿ ಓದಲು ದೆಹಲಿಗೆ ಬಂದವಳು ಇಲ್ಲೇ ನೌಕರಿ ಹಿಡಿದು, ಇಲ್ಲೇ ಮದುವೆಯಾಗಿ, ಇಲ್ಲೇ ತಲೆ ನರೆತವಳು ನಾನು. ನಮ್ಮ ಒಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ದಿನವಿಡೀ ಹಿಂದಿಯೇ. ಆದರೂ ಕನ್ನಡದ ಡಾಕ್ಟರೊಬ್ಬರು ಇದ್ದಾರೆಂಬ ಸುದ್ದಿ ಹೇಗೋ ಹರಡಿ, ಗುರುಗ್ರಾಮದ ಐಟಿ ಹುಡುಗರಿಂದ ಹಿಡಿದು ಘಾಜಿಯಾಬಾದಿನ ನಿವೃತ್ತ ಸೈನಿಕರವರೆಗೆ ಯಾರಾದರೊಬ್ಬರು ಆಗಾಗ ಬಾಗಿಲಲ್ಲಿ ಇಣುಕಿ, ಮೇಡಂ ಕನ್ನಡದವರಾ ಎಂದು ವಿಚಾರಿಸುತ್ತಿದ್ದರು. ಪೂವಯ್ಯನವರೂ ಹಾಗೆಯೇ ಬಂದದ್ದು.

ಅವರು ಕೊಡಗಿನವರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಗುರುಗ್ರಾಮದ ಒಂದು ಕಚೇರಿ ಕಟ್ಟಡದಲ್ಲಿ ಭದ್ರತಾ ಮೇಲ್ವಿಚಾರಕರಾಗಿದ್ದರು. ಘಾಜಿಯಾಬಾದಿನಲ್ಲಿ ಎರಡು ಕೋಣೆಯ ಫ್ಲ್ಯಾಟು. ಹೃದಯ ಸ್ವಲ್ಪ ದುರ್ಬಲವಾಗಿ ಸಂಜೆ ಹೊತ್ತಿಗೆ ಕಾಲು ಊದುತ್ತಿದ್ದುದರಿಂದ ಎರಡು ವರ್ಷಗಳಿಂದ ನನ್ನ ಬಳಿಯೇ ಚಿಕಿತ್ಸೆ ಪಡೆಯುತ್ತಿದ್ದರು. ಕ್ಯೂ ಎಷ್ಟೇ ಉದ್ದವಿದ್ದರೂ ನೆಟ್ಟಗೆ ನಿಂತಿರುವ ಮನುಷ್ಯ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ತಮ್ಮ ಸರದಿ ಬಂದಾಗ, ಈ ಸಲ ಪೇಷೆಂಟ್ ನಾನಲ್ಲ ಎಂದು ಹೇಳಿ ಮಗಳನ್ನು ಮುಂದೆ ಬಿಟ್ಟರು.

ಅವಳ ಹೆಸರು ದೇಚಮ್ಮ. ಮನೆಯಲ್ಲಿ ದೇಚು. ವಯಸ್ಸು ಇಪ್ಪತ್ತನಾಲ್ಕು. ಅಪ್ಪನ ಪೋಸ್ಟಿಂಗ್ ಹೋದಲ್ಲೆಲ್ಲ ಕಂಟೋನ್ಮೆಂಟ್ ಶಾಲೆಗಳಲ್ಲಿ ಬೆಳೆದವಳಾದ್ದರಿಂದ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮಾತಿಗೆ ಮಾತ್ರ ಹಿಂದಿ ನುಗ್ಗಿಬರುತ್ತಿತ್ತು. ಕಾಲೇಜಿನಲ್ಲಿ ವೇಟ್‌ಲಿಫ್ಟರ್. ವಿಶ್ವವಿದ್ಯಾಲಯದ ತಂಡದಲ್ಲಿದ್ದವಳು. ಎರಡು ವರ್ಷದಿಂದ, ಕೋಚಿಂಗ್ ಕೇಂದ್ರಗಳಿಗೆ ಹೆಸರಾದ ಮುಖರ್ಜಿ ನಗರದ ಪಿಜಿಯೊಂದರಲ್ಲಿದ್ದುಕೊಂಡು ಒಂದು ಅರೆಸೇನಾ ಪಡೆಯ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ತಯಾರಿ ನಡೆಸಿದ್ದಳು. ಲಿಖಿತ ಪರೀಕ್ಷೆ ಪಾಸಾಗಿತ್ತು. ಓಟ, ಎತ್ತರ ಜಿಗಿತ, ಗುಂಡೆಸೆತದಲ್ಲಿ ತನ್ನ ತಂಡದ ಹುಡುಗಿಯರಿಗೆಲ್ಲ ಮುಂದಿದ್ದಳು. ಕೊನೆಯದಾಗಿ ವೈದ್ಯಕೀಯ ಪರೀಕ್ಷೆಯಲ್ಲಿ ಒಂದೇ ಸಾಲಿನ ಕಾರಣ ಬರೆದು ಅವಳನ್ನು ಹೊರಗಿಟ್ಟಿದ್ದರು: ಅಧಿಕ ತೂಕ.

ಎತ್ತರ ನೂರ ಅರವತ್ತು ಸೆಂಟಿಮೀಟರ್, ತೂಕ ಅರವತ್ತೊಂಬತ್ತು ಕಿಲೋ. ಬಾಡಿ ಮಾಸ್ ಇಂಡೆಕ್ಸ್, ಅಂದರೆ ಬಿಎಂಐ, ಇಪ್ಪತ್ತೇಳು. ನಿಯಮದ ಮಿತಿ ಇಪ್ಪತ್ತೈದು.

ಬಿಎಂಐ ಎಂದರೇನೆಂದು ಇಲ್ಲಿ ಹೇಳಿಬಿಡುತ್ತೇನೆ. ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಸುಮಾರು ಇನ್ನೂರು ವರ್ಷದ ಹಿಂದೆ ಬೆಲ್ಜಿಯಂನ ಒಬ್ಬ ಗಣಿತಜ್ಞ ಜನಸಮೂಹದ ಸರಾಸರಿ ಕಂಡುಕೊಳ್ಳಲು ಹಾಕಿದ ಲೆಕ್ಕ. ಆತ ವೈದ್ಯನಾಗಿರಲಿಲ್ಲ. ಸಾವಿರಾರು ಜನರ ಆರೋಗ್ಯದ ಅಂದಾಜಿಗೆ ಇದು ಒಳ್ಳೆಯ ಸಾಧನವೇ, ನಾನೂ ದಿನಾ ಬಳಸಿದ್ದೇನೆ. ತೂಕದ ಯಂತ್ರ, ಅಳತೆಪಟ್ಟಿ ಇದ್ದರೆ ಸಾಕು, ಯಾರು ಬೇಕಾದರೂ ಲೆಕ್ಕ ಹಾಕಬಹುದು. ಆದರೆ ಮೈಯ ತೂಕದಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಮೂಳೆಯೆಷ್ಟು ಎಂಬುದು ಈ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಒಂದೇ ಗಾತ್ರದ ಕೊಬ್ಬಿಗಿಂತ ಸ್ನಾಯು ಹೆಚ್ಚು ತೂಗುತ್ತದೆ. ವರ್ಷಗಟ್ಟಲೆ ಕಬ್ಬಿಣ ಎತ್ತಿದ ಹುಡುಗಿಯೂ, ಹೊಟ್ಟೆ ಬೆಳೆಸಿಕೊಂಡು ಮೆಟ್ಟಿಲು ಹತ್ತಲಾರದ ಗುಮಾಸ್ತನೂ ಈ ಪಟ್ಟಿಯಲ್ಲಿ ಒಂದೇ ಮನೆಯಲ್ಲಿ ಕೂತಿರುತ್ತಾರೆ.

ನಾನು ಅವಳನ್ನು ಪೂರ್ತಿ ಪರೀಕ್ಷಿಸಿದೆ. ಸೊಂಟದ ಸುತ್ತಳತೆ ಎಪ್ಪತ್ತನಾಲ್ಕು ಸೆಂಟಿಮೀಟರ್, ಎಂಬತ್ತರ ಎಚ್ಚರಿಕೆ ಗೆರೆಗಿಂತ ಸಾಕಷ್ಟು ಕೆಳಗೆ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಎಲ್ಲ ಸರಿ. ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಮೂಳೆಯ ಸಾಂದ್ರತೆ ನೋಡಲು ಬಳಸುವ ಎಕ್ಸ್‌ರೇ ಯಂತ್ರ ಅದು, ಮೈಯಲ್ಲಿ ಕೊಬ್ಬು ಎಷ್ಟಿದೆ ಎಂಬುದನ್ನೂ ಹೇಳುತ್ತದೆ. ಅವಳದು ಶೇಕಡಾ ಇಪ್ಪತ್ತೊಂದು. ಆಟಗಾರ್ತಿಯೊಬ್ಬಳಿಗೆ ತಕ್ಕ ಅಳತೆ. ಪರದೆಯ ಮೇಲಿನ ಬಣ್ಣದ ಚಿತ್ರವನ್ನು ಪೂವಯ್ಯನವರಿಗೆ ತೋರಿಸಿ, ತೊಡೆಯಲ್ಲಿ, ಬೆನ್ನಿನಲ್ಲಿ ಇರುವುದೆಲ್ಲ ಸ್ನಾಯು, ಇವಳಲ್ಲಿ ಇಳಿಸಬೇಕಾದ ಕೊಬ್ಬೇ ಇಲ್ಲ ಎಂದು ವಿವರಿಸಿದೆ.

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಮೇಡಂ, ನೀವು ಹೇಳೋದು ಸರಿ ಇರಬಹುದು. ಆದ್ರೆ ನಾನು ಇಪ್ಪತ್ತೆಂಟು ವರ್ಷ ಫೌಜಿನಲ್ಲಿದ್ದವನು. ಚಾರ್ಟಿನಲ್ಲಿ ಏನಿದೆಯೋ ಅದೇ. ಐದು ಕಿಲೋ ಇಳಿಸಿ ಅರವತ್ತನಾಲ್ಕು ಮಾಡ್ಕೊಂಡು ಹೋದ್ರೆ ಯಾರ ಹತ್ರಾನೂ ವಾದ ಮಾಡೋ ಹಂಗಿಲ್ಲ."

ಇಳಿಸಬೇಡಿ ಎಂದು ನಾನು ಕಟ್ಟುನಿಟ್ಟಾಗಿಯೇ ಹೇಳಿದೆ. ತಿರಸ್ಕೃತರಾದವರಿಗೆ ಮೇಲ್ಮನವಿಯ ಅವಕಾಶವಿತ್ತು. ಸರ್ಕಾರಿ ವೈದ್ಯರಿಂದ ಪ್ರಮಾಣಪತ್ರ ತಂದರೆ ರಿವ್ಯೂ ಮೆಡಿಕಲ್ ಬೋರ್ಡ್ ಎಂಬ ಮರುಪರಿಶೀಲನಾ ಮಂಡಳಿ ಮತ್ತೆ ಪರೀಕ್ಷಿಸುತ್ತಿತ್ತು. ನಾನು ಎರಡು ಪುಟದ ಪ್ರಮಾಣಪತ್ರ ಬರೆದೆ. ಅಳತೆಗಳನ್ನೆಲ್ಲ ಕೊಟ್ಟು, ಈಕೆಯ ತೂಕ ಸ್ನಾಯುವಿನದು, ಬಿಎಂಐ ಒಂದರಿಂದಲೇ ಈಕೆಯನ್ನು ಅನರ್ಹಳೆನ್ನುವುದು ವೈದ್ಯಕೀಯವಾಗಿ ಸರಿಯಲ್ಲ ಎಂದು ಸ್ಪಷ್ಟವಾಗಿ ಹೇಳಿ, ಸ್ಕ್ಯಾನಿನ ಪ್ರತಿ ಲಗತ್ತಿಸಿದೆ. ದೇಚು ಅದನ್ನು ಎರಡು ಸಲ ಓದಿ ಮಡಿಸಿದಳು.

"ಇದನ್ನ ಅವರು ಓದ್ತಾರಾ ಮ್ಯಾಮ್?"

"ಓದಬೇಕು," ಎಂದೆ.

"ಓದ್ತಾರೆ ಅಂತ ಹೇಳ್ಲಿಲ್ಲ ನೀವು," ಎಂದು ನಕ್ಕಳು. ಹೋಗುವಾಗ ಬಾಗಿಲ ಬಳಿ ನಿಂತಿದ್ದ ಗಾಲಿಕುರ್ಚಿಯೊಂದನ್ನು, ಅದರಲ್ಲಿ ಕೂತಿದ್ದ ಅಜ್ಜಿಯ ಸಮೇತ, ಎತ್ತಿ ಹೊಸ್ತಿಲು ದಾಟಿಸಿ ಇಟ್ಟಳು. ವಾರ್ಡ್‌ಬಾಯ್ ನೋಡುತ್ತಾ ನಿಂತಿದ್ದ.

ಮರುಪರಿಶೀಲನೆಗೆ ಜೂನ್ ಮೊದಲ ವಾರದಲ್ಲಿ ದಿನ ಕೊಟ್ಟರೆಂದು ಪೂವಯ್ಯನವರು ಮೇ ತಿಂಗಳಲ್ಲಿ ತಮ್ಮ ತಪಾಸಣೆಗೆ ಬಂದಾಗ ತಿಳಿಸಿದರು. ಮಗಳು ಓದುತ್ತಿದ್ದಾಳೆ, ಓಡುತ್ತಿದ್ದಾಳೆ ಎಂದರು. ನಾನು ಅವರ ಕಾಲು ಒತ್ತಿ ನೋಡಿ, ಅದೇ ಮಾತ್ರೆ ಮುಂದುವರಿಸಲು ಹೇಳಿ ಕಳಿಸಿದೆ.

ಮೇ ಕೊನೆಯಲ್ಲಿ ದೆಹಲಿಯ ಬಿಸಿಲು ನಲವತ್ತೈದು ಮುಟ್ಟಿತ್ತು. ಲೂ ಎಂದು ಇಲ್ಲಿ ಕರೆಯುವ ಬಿಸಿಗಾಳಿ ಬೆಳಗ್ಗೆಯೇ ಶುರುವಾಗುತ್ತಿತ್ತು. ಎಮರ್ಜೆನ್ಸಿಯ ಮುಂದೆ ಬಿಸಿಲಿಗೆ ಬಿದ್ದವರ ಸಾಲು. ಅಂಥದ್ದೊಂದು ಬೆಳಗ್ಗೆ ವಾರ್ಡಿನಲ್ಲಿ ರೌಂಡ್ಸ್ ಮಾಡುತ್ತಿದ್ದಾಗ ನನ್ನ ರೆಸಿಡೆಂಟ್, ಅಂದರೆ ಎಂಡಿ ಓದುತ್ತಿದ್ದ ಕಿರಿಯ ವೈದ್ಯ, ಎಮರ್ಜೆನ್ಸಿಯಿಂದ ಫೋನ್ ಮಾಡಿದ. ಯುವತಿಯೊಬ್ಬಳನ್ನು ಕ್ಯಾಬಿನಲ್ಲಿ ತಂದಿದ್ದಾರೆ, ಜ್ವರ ನೂರ ನಾಲ್ಕು ಡಿಗ್ರಿ ದಾಟಿದೆ, ಪ್ರಜ್ಞೆ ಅರೆಬರೆ. ದೊಡ್ಡ ತೋಳು, ದೊಡ್ಡ ತೊಡೆ, ಬಾಡಿಬಿಲ್ಡರ್ ಇದ್ದ ಹಾಗಿದ್ದಾಳೆ, ಸ್ಟಿರಾಯ್ಡ್ ಕೇಸ್ ಇರಬೇಕು ಎಂದ. ಕ್ಯಾಬ್ ಮುಖರ್ಜಿ ನಗರದಿಂದ ಬಂದದ್ದು, ದಾರಿಯಲ್ಲಿ ಎರಡು ಆಸ್ಪತ್ರೆ ಬಿಟ್ಟು ಇಲ್ಲಿಗೇ ಬಂದಿದ್ದಾರೆ, ನಿಮ್ಮ ಹೆಸರು ಹೇಳುತ್ತಿದ್ದಾರೆ ಎಂದೂ ಸೇರಿಸಿದ.

ಕೆಳಗೆ ಹೋಗಿ ನೋಡಿದರೆ ದೇಚು. ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. ನರ್ಸ್ ಅವಳ ಸ್ವೆಟರನ್ನು ಕತ್ತರಿಸಿ ತೆಗೆದಾಗ ಒಳಗೆ ಹೊಟ್ಟೆಯಿಂದ ಕುತ್ತಿಗೆಯವರೆಗೆ ಕಪ್ಪು ಪ್ಲಾಸ್ಟಿಕ್ ಸುತ್ತಿಕೊಂಡಿದ್ದಳು. ಕಸ ತುಂಬುವ ಚೀಲಗಳನ್ನು ಹರಿದು ಅಂಟುಪಟ್ಟಿ ಹಾಕಿದ್ದು. ತೊಡೆ ಮುಟ್ಟಿದರೆ ಕಿರುಚುತ್ತಿದ್ದಳು. ಕ್ಯಾತಿಟರ್ ಹಾಕಿದಾಗ ಬಂದ ಒಂದಿಷ್ಟು ಮೂತ್ರ ಕಪ್ಪು ಚಹಾದ ಬಣ್ಣದಲ್ಲಿತ್ತು.

ಜತೆಗೆ ಬಂದಿದ್ದವಳು ಪಿಜಿಯ ರೂಮ್‌ಮೇಟ್ ನೇಹಾ, ಬಿಹಾರದ ಹುಡುಗಿ. ಅವಳು ಅಳುತ್ತಾ ಹೇಳಿದ್ದು ಇಷ್ಟು: ದೇಚು ಮೂರು ವಾರದಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಎರಡು ದಿನದಿಂದ ನೀರನ್ನೂ ಬಿಟ್ಟಿದ್ದಳು, ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು. ಸ್ಪರ್ಧೆಗೆ ಮೊದಲು ಲಿಫ್ಟರುಗಳು ಹೀಗೆ ಒಂದೆರಡು ಕಿಲೋ ಇಳಿಸುವುದುಂಟು, ನನಗೆ ರೂಢಿ ಇದೆ ಎಂದು ಧೈರ್ಯ ಹೇಳಿದ್ದಳಂತೆ. ಅಂದು ಬೆಳಗ್ಗೆ ತೂಗಿದಾಗ ಅರವತ್ತನಾಲ್ಕು ಕಿಲೋ ನಾನೂರು ಗ್ರಾಂ. ಆ ನಾನೂರು ಗ್ರಾಂ ಬೆವರು ಹರಿಸಿ ಕಳೆದು ಬರುತ್ತೇನೆಂದು ಪಾರ್ಕಿಗೆ ಓಡಲು ಹೋಗಿದ್ದಳು.

ಮೈ ತಣಿಸಲು ಐಸ್ ನೀರು, ರಕ್ತನಾಳಕ್ಕೆ ಸಲೈನ್ ಶುರುಮಾಡಿದೆವು. ವರದಿಗಳು ಬಂದವು. ಕ್ರಿಯಾಟಿನ್ ಕೈನೇಸ್, ಅಂದರೆ ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ, ಲಕ್ಷ ದಾಟಿತ್ತು. ಆರೋಗ್ಯವಂತರಲ್ಲಿ ಅದು ನೂರರ ಲೆಕ್ಕದಲ್ಲಿರುತ್ತದೆ. ಈ ಸ್ಥಿತಿಗೆ ರ‍್ಯಾಬ್ಡೋಮಯೊಲಿಸಿಸ್ ಎಂದು ಹೆಸರು. ಬಿಸಿ, ನೀರಿನ ಕೊರತೆ, ಅತಿಯಾದ ಶ್ರಮ ಸೇರಿದಾಗ ಸ್ನಾಯುವಿನ ಕೋಶಗಳು ಒಡೆದು, ಅವುಗಳೊಳಗಿನ ಕೆಂಪು ಪದಾರ್ಥ ಮೂತ್ರಪಿಂಡಕ್ಕೆ ಹೋಗಿ ಅದರ ಸೂಕ್ಷ್ಮ ನಾಳಗಳನ್ನು ಕಟ್ಟಿಬಿಡುತ್ತದೆ. ಸ್ನಾಯು ಹೆಚ್ಚಿದ್ದಷ್ಟೂ ಒಡೆಯುವುದಕ್ಕೆ ಹೆಚ್ಚು. ಮೊದಲ ವೈದ್ಯಕೀಯ ಪರೀಕ್ಷೆಯ ಪಟ್ಟಿ ಯಾವುದನ್ನು ಕೊಬ್ಬೆಂದು ಎಣಿಸಿತ್ತೋ ಅದೇ ಸ್ನಾಯು ಕರಗಿ ಅವಳ ಮೂತ್ರಪಿಂಡವನ್ನು ಮುಚ್ಚುತ್ತಿತ್ತು.

ಒಂದು ಅಂಕಿ ಮಾತ್ರ ಹೊಂದಿಕೆಯಾಗಲಿಲ್ಲ. ಸ್ನಾಯು ಒಡೆದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಬೇಕು. ಮೂರೂವರೆಯ ಮೇಲಿರಬೇಕಾದದ್ದು ಅವಳಲ್ಲಿ 2.6ಕ್ಕೆ ಇಳಿದಿತ್ತು. ಇಸಿಜಿಯಲ್ಲಿ ಹೃದಯದ ಬಡಿತ ತಪ್ಪುತ್ತಿತ್ತು. ಬರೀ ಉಪವಾಸ, ಬೆವರಿನಿಂದ ಇಷ್ಟು ಇಳಿಯುವುದು ಕಷ್ಟ. ರೆಸಿಡೆಂಟ್ ಮತ್ತೆ ಸ್ಟಿರಾಯ್ಡಿನ ಮಾತು ತೆಗೆದ. ನನಗೆ ಅನುಮಾನ ಬೇರೆ ಕಡೆ ಇತ್ತು. ಮೂತ್ರ ಹೆಚ್ಚಿಸಿ ಮೈಯ ನೀರನ್ನು ಹೊರಹಾಕುವ ಡೈಯೂರೆಟಿಕ್ ಎಂಬ ಮಾತ್ರೆಗಳಿವೆ, ನೀರಿನ ಜತೆ ಪೊಟ್ಯಾಸಿಯಮ್ಮನ್ನೂ ಅವು ಕೊಚ್ಚಿಕೊಂಡು ಹೋಗುತ್ತವೆ. ಮಾತ್ರೆ ಏನಾದರೂ ತೆಗೆದುಕೊಂಡಳಾ ಎಂದು ಕೇಳಿದರೆ ನೇಹಾಗೆ ಗೊತ್ತಿರಲಿಲ್ಲ. ದೇಚು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಅಷ್ಟರಲ್ಲಿ ಪೂವಯ್ಯನವರೂ ಅವರ ಹೆಂಡತಿ ಗಂಗಮ್ಮನೂ ಬಂದರು. ಪೂವಯ್ಯನವರು ಕೆಲಸದಿಂದ ನೇರ ಬಂದಿದ್ದರು, ಮೈಮೇಲೆ ಭದ್ರತಾ ಸಿಬ್ಬಂದಿಯ ನೀಲಿ ಸಮವಸ್ತ್ರವಿತ್ತು. ನಾನು ಇಬ್ಬರನ್ನೂ ಪಕ್ಕಕ್ಕೆ ಕರೆದು ಅದೇ ಪ್ರಶ್ನೆ ಕೇಳಿದೆ. ಪೂವಯ್ಯನವರು ತಲೆ ಅಲ್ಲಾಡಿಸಿದರು. ನನ್ನ ಮಗಳು ಒಂದು ಕ್ರೋಸಿನ್ ನುಂಗೋದಕ್ಕೂ ಹಿಂದೆಮುಂದೆ ನೋಡ್ತಾಳೆ ಎಂದರು. ಗಂಗಮ್ಮ ಗಂಡನ ಮುಖ ನೋಡದೆ ಹೇಳಿದರು:

"ಡಾಕ್ಟ್ರೇ, ಇವರ ಕಾಲಿನ ಊತದ ಮಾತ್ರೆ ಈ ತಿಂಗಳು ಬೇಗ ಮುಗೀತು. ಅಂಗಡಿ ಭಯ್ಯಾ ಕಡಿಮೆ ಕೊಟ್ಟಿರ್ಬೇಕು ಅಂದ್ಕೊಂಡೆ. ದೇಚು ಭಾನುವಾರ ಮನೆಗೆ ಬಂದಿದ್ಳು, ಹಿಂದಿನ ಭಾನುವಾರಾನೂ."

ಪೂವಯ್ಯನವರು ಅಂಗಿಯ ಜೇಬಿಗೆ ಕೈಹಾಕಿ ಹೊಸದಾಗಿ ಕೊಂಡಿದ್ದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನೇ ಬರೆದುಕೊಟ್ಟ ಡೈಯೂರೆಟಿಕ್. ಅವರ ಹೃದಯಕ್ಕೆ ಬೇಕಾದ ಔಷಧಿ. ಅದನ್ನು ಹಿಡಿದು ನಾನು, ದೇಚುವನ್ನು ಅಷ್ಟರಲ್ಲಿ ಸಾಗಿಸಿದ್ದ ಐಸಿಯುಗೆ ನಡೆದೆ. ಚಿಕಿತ್ಸೆಯ ದಾರಿ ಈಗ ಸ್ಪಷ್ಟವಿತ್ತು. ತಿರುಗಿ ನೋಡಿದಾಗ ಅವರು ಗೋಡೆಗೆ ಒರಗದೆ, ಕೂರದೆ, ಅಟೆನ್ಷನ್ನಿನಲ್ಲಿ ನಿಂತ ಹಾಗೆ ನಿಂತೇ ಇದ್ದರು. ಗಂಗಮ್ಮ ಬೆಂಚಿನ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಪೊಟ್ಯಾಸಿಯಂ ಕೊಟ್ಟು ಹೃದಯದ ಲಯ ಸರಿಪಡಿಸಿದೆವು. ಮರುದಿನದ ಹೊತ್ತಿಗೆ ಮೂತ್ರ ನಿಂತುಹೋಯಿತು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಮೇಲೆ ಅದೇ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರತೊಡಗಿತು. ಡಯಾಲಿಸಿಸ್ ಆರಂಭಿಸಿದೆವು. ಬಲಗಾಲಿನ ಮೀನಖಂಡ ಊದಿ ಕಲ್ಲಿನಂತಾಗಿ, ಪಾದದ ನಾಡಿ ಸಿಗದಾಯಿತು. ಸರ್ಜನ್ನರು ಮೊಣಕಾಲಿನ ಕೆಳಗೆ ಎರಡೂ ಬದಿ ಚರ್ಮವನ್ನೂ ಅದರಡಿಯ ಪೊರೆಯನ್ನೂ ಉದ್ದಕ್ಕೆ ಸೀಳಿ ಒತ್ತಡ ಬಿಡಿಸಿದರು. ಒಳಗಿನ ಸ್ನಾಯು ಬೂದುಬಣ್ಣಕ್ಕೆ ತಿರುಗಿತ್ತು. ಸತ್ತದ್ದನ್ನು ಕತ್ತರಿಸಿ ತೆಗೆದರು. ಶ್ವಾಸಕೋಶಕ್ಕೆ ನೀರು ತುಂಬಿ ವೆಂಟಿಲೇಟರಿಗೂ ಹಾಕಬೇಕಾಯಿತು. ಬದುಕುತ್ತಾಳೆಂಬ ಭರವಸೆಯನ್ನು ಆ ವಾರ ನಾನು ಯಾರಿಗೂ ಕೊಡಲಿಲ್ಲ.

ಸ್ಟಿರಾಯ್ಡ್ ಪರೀಕ್ಷೆಯ ವರದಿಯೂ ಬಂತು. ಏನೂ ಇರಲಿಲ್ಲ. ರೆಸಿಡೆಂಟ್ ಅದನ್ನು ನನಗೆ ತೋರಿಸಿ ಫೈಲಿನಲ್ಲಿ ಹಾಕಿದ. ಅಂದಿನಿಂದ ಅವಳ ಹಾಸಿಗೆಯ ಪಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವನು ಅವನೇ.

ರಿವ್ಯೂ ಬೋರ್ಡಿನ ದಿನ ಬಂದಾಗ ದೇಚು ವೆಂಟಿಲೇಟರಿನಲ್ಲಿದ್ದಳು. ಆ ಬೆಳಗ್ಗೆ ಪೂವಯ್ಯನವರು ಕ್ಷೌರ ಮಾಡಿ, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಐಸಿಯು ಬಾಗಿಲಿಗೆ ಬಂದರು. ಕೈಯಲ್ಲಿ ಮಗಳಿಗೆ ಬೋರ್ಡಿನಿಂದ ಬಂದಿದ್ದ ಕರೆಪತ್ರ, ನನ್ನ ಪ್ರಮಾಣಪತ್ರದ ಪ್ರತಿ. ಅವಳು ಆಸ್ಪತ್ರೆಯಲ್ಲಿದ್ದಾಳೆಂದು ಒಂದು ಚೀಟಿ ಬರೆದುಕೊಡಲು ಕೇಳಿದರು, ಬೇರೆ ದಿನ ಕೊಡುತ್ತಾರೇನೋ ವಿಚಾರಿಸುತ್ತೇನೆ ಎಂದರು. ಬೇರೆ ದಿನ ಕೊಟ್ಟರೂ ಪ್ರಯೋಜನವಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿದ್ದಿರಬೇಕು. ಬರೆದುಕೊಟ್ಟೆ.

ಮಧ್ಯಾಹ್ನ ವಾಪಸು ಬಂದು ನನ್ನ ಕೋಣೆಯಲ್ಲಿ ಕೂತರು. ಆ ಎರಡು ವರ್ಷಗಳಲ್ಲಿ ನಾನು ಹೇಳದೆಯೇ ಅವರು ಕುರ್ಚಿ ಎಳೆದುಕೊಂಡು ಕೂತದ್ದು ಅದೊಂದೇ ಸಲ. ಬೋರ್ಡಿನ ಮುಖ್ಯಸ್ಥರು ಸಜ್ಜನರು, ಒಳಗೆ ಕರೆದು ಮಾತಾಡಿಸಿದರು ಎಂದರು. ಮೇಜಿನ ಮೇಲೆ ದೇಚುವಿನ ಫೈಲು ತೆರೆದೇ ಇತ್ತಂತೆ. ನನ್ನ ಪ್ರಮಾಣಪತ್ರದ ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರಂತೆ. ಕ್ರೀಡಾಪಟುಗಳ ವಿಷಯದಲ್ಲಿ ಬಿಎಂಐ ಮೀರಿದ್ದರೂ ಸೊಂಟದಳತೆ, ಕೊಬ್ಬಿನ ಪ್ರಮಾಣ ನೋಡಿ ಅರ್ಹರೆನ್ನುವ ಅವಕಾಶ ಅವರಿಗೆ ಇತ್ತು. ಮೊದಲ ಪರೀಕ್ಷೆ ಮಾಡಿದವರು ಅದನ್ನು ಬಳಸಿರಲಿಲ್ಲ. ಅಂಥದ್ದೊಂದು ಅವಕಾಶ ಇದೆಯೆಂದು ಅಭ್ಯರ್ಥಿಗೆ ಕೊಟ್ಟ ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ. ನನಗೂ ತಿಳಿದಿರಲಿಲ್ಲ.

"'ಹುಡುಗಿ ಬರ್ಲಿ ಅಂತ ಕಾಯ್ತಿದ್ವಿ ಸುಬೇದಾರ್ ಸಾಹೇಬ್' ಅಂದ್ರು ಮೇಡಂ. 'ಟೇಪ್ ಹಿಡಿದು ಅಳೆದು ಪಾಸ್ ಮಾಡೋರಿದ್ವಿ' ಅಂದ್ರು." ಅವರು ಬಿಳಿ ಅಂಗಿಯ ತೋಳನ್ನು ಸರಿಪಡಿಸಿಕೊಂಡರು. "ಅರವತ್ತೊಂಬತ್ತರಲ್ಲೇ ಹೋಗಬಹುದಿತ್ತು ಅವಳು."

ಇಳಿಸು ಇಳಿಸು ಎಂದು ಪ್ರತಿ ಭಾನುವಾರ ಹೇಳಿದ್ದು ನಾನೇ ಎಂದರು. ಅವಳ ತಟ್ಟೆಯಲ್ಲಿ ಮೊಟ್ಟೆ ಕಂಡರೆ ಇಷ್ಟೆಲ್ಲ ಬೇಕಾ ಎಂದು ಕೇಳಿದ್ದು ನಾನೇ ಎಂದರು. ಎದ್ದು ನಿಂತು ಒಂದು ಮಾತು ಕೇಳಿಕೊಂಡರು.

"ಇದು ಅವಳಿಗೆ ಗೊತ್ತಾಗಬಾರದು ಮೇಡಂ. ನಿಮಗೆ ಸುಳ್ಳು ಹೇಳಿ ಅಂತಿಲ್ಲ. ಕೇಳಿದ್ರೆ ನನ್ನ ಹತ್ರ ಕಳಿಸಿ. ನಾನು ಹೇಳ್ತೀನಿ."

ಜೂನ್ ಮಧ್ಯದಲ್ಲಿ ವೆಂಟಿಲೇಟರ್ ತೆಗೆದೆವು. ಮಾತು ಬಂದ ಮೇಲೆ ಅವಳು ಮೊದಲು ಕೇಳಿದ್ದು ನೀರು. ಡಯಾಲಿಸಿಸ್ಸಿನಲ್ಲಿದ್ದವರಿಗೆ ನೀರು ಅಳೆದು ಕೊಡಬೇಕು, ಅಂದು ಅವಳಿಗೆ ಕೆಲವು ಚಮಚ ಮಾತ್ರ ಕೊಡಲು ಸಾಧ್ಯವಾಯಿತು. ಆಮೇಲೆ ಕೇಳಿದ್ದು ಬೋರ್ಡಿನ ವಿಷಯ. ಅಪ್ಪನನ್ನೇ ಕೇಳು ಎಂದೆ. ಪೂವಯ್ಯನವರು ಮಂಚದ ಪಕ್ಕ ನಿಂತು, ಹೋಗಿ ಕೇಳಿ ಬಂದೆ, ಮಿತಿಗಿಂತ ಒಂದು ಗ್ರಾಂ ಹೆಚ್ಚಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲವಂತೆ ಎಂದರು. ಅವಳು ಕಣ್ಣು ಮುಚ್ಚಿಕೊಂಡು, "ಅಚ್ಛಾ. ಹಾಗಾದ್ರೆ ಬೇರೆ ದಾರಿ ಇರ್ಲಿಲ್ಲ ಪಪ್ಪಾ," ಎಂದಳು. ಆ ಮಾತಿನಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಪೂವಯ್ಯನವರು ಅವಳ ಹಣೆಯ ಮೇಲೆ ಕೈಯಿಟ್ಟು, ಇರಲಿಲ್ಲ ಎಂದರು.

ಮೂತ್ರ ನಿಧಾನವಾಗಿ ಮರಳಿತು. ಜುಲೈ ಕೊನೆಯಲ್ಲಿ ಡಯಾಲಿಸಿಸ್ ನಿಲ್ಲಿಸಿ ಮನೆಗೆ ಕಳಿಸಿದೆವು. ಆಗಸ್ಟಿನಲ್ಲಿ ಊರುಗೋಲು ಹಿಡಿದು ಒಪಿಡಿಗೆ ಬಂದಳು. ತೋಳು ಕಡ್ಡಿಯಾಗಿತ್ತು. ಕುತ್ತಿಗೆಯ ಬಳಿ ಡಯಾಲಿಸಿಸ್ ಕೊಳವೆಯ ಗುರುತು, ಕಾಲಿಗೆ ಚರ್ಮ ಕಸಿ ಮಾಡಿದ ಪಟ್ಟಿ. ಎರಡು ಮೆಟ್ಟಿಲು ಹತ್ತಿ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ನರ್ಸ್ ರೂಢಿಯಂತೆ ತೂಗಿ ಐವತ್ತೈದು ಕಿಲೋ ಎಂದು ಬರೆದುಕೊಂಡು, ಬಿಎಂಐ ಲೆಕ್ಕ ಹಾಕಿ, ಇಪ್ಪತ್ತೊಂದೂವರೆ, ಏಕ್‌ದಂ ನಾರ್ಮಲ್ ಎಂದಳು. ಆ ಕೋಣೆಯಲ್ಲಿ ಅಂದು ಇದ್ದ ರೋಗಿಗಳಲ್ಲಿ ಅವಳಷ್ಟು ನಿತ್ರಾಣರಾದವರು ಬೇರೆ ಯಾರೂ ಇರಲಿಲ್ಲ. ದೇಚು ಯಂತ್ರದಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡಳು.

ಅವಳ ಮೂತ್ರಪಿಂಡಗಳು ಪೂರ್ತಿ ಸುಧಾರಿಸಲಿಲ್ಲ. ಅರ್ಧದಷ್ಟು ಶಕ್ತಿ ಉಳಿಯಿತು. ಜೀವನಪೂರ್ತಿ ರಕ್ತಪರೀಕ್ಷೆ, ಮುಂದೊಂದು ದಿನ ಮತ್ತೆ ಡಯಾಲಿಸಿಸ್ ಬೇಕಾಗಬಹುದೆಂಬ ಆತಂಕ. ಬಲಪಾದವನ್ನು ಎತ್ತಿ ಇಡಲಾಗದೆ ಸ್ವಲ್ಪ ಎಳೆದು ನಡೆಯುತ್ತಾಳೆ. ಭಾರ ಎತ್ತುವುದು ಮುಗಿದ ಮಾತು. ಸಮವಸ್ತ್ರದ ಕೆಲಸವೂ.

ಪೂವಯ್ಯನವರ ಕಾಲು ಆ ವರ್ಷ ಮತ್ತೆ ಊದಿತು. ಮಾತ್ರೆ ತೆಗೆದುಕೊಳ್ಳುತ್ತಿಲ್ಲ ಎಂದು ಗಂಗಮ್ಮ ದೂರಿದರು. ಏಕೆಂದು ನಾನು ಗದರಿದಾಗ ಅವರು ಸಂಕೋಚದಿಂದ, ಬೇರೆ ಬಣ್ಣದ್ದು ಇದ್ದರೆ ಬರೆದುಕೊಡಿ ಮೇಡಂ, ಆ ಹಳೇ ಪಟ್ಟಿ ಕೈಗೆ ತೆಗೆದುಕೊಳ್ಳಲು ಆಗುತ್ತಿಲ್ಲ ಎಂದರು. ಅದೇ ಗುಂಪಿನ ಬೇರೊಂದು ಮಾತ್ರೆಗೆ ಬದಲಾಯಿಸಿದೆ. ನುಂಗುತ್ತಿದ್ದಾರೆ.

ಸತ್ಯ ಹೆಚ್ಚು ದಿನ ಮುಚ್ಚಿಡಲಾಗಲಿಲ್ಲ. ಮರುವರ್ಷ ದೇಚುವಿಗೆ ಮುಖರ್ಜಿ ನಗರದಲ್ಲಿ ಜೂಡೋ ಆಡುತ್ತಿದ್ದ ಹುಡುಗಿಯೊಬ್ಬಳು ಸಿಕ್ಕಳು. ಇವಳ ಹಾಗೆಯೇ ತೂಕದ ಕಾರಣಕ್ಕೆ ತಿರಸ್ಕೃತಳಾಗಿ, ಅದೇ ಬೋರ್ಡಿನ ಮುಂದೆ ಹೋಗಿ, ಟೇಪಿನಲ್ಲಿ ಸೊಂಟ ಅಳೆಸಿಕೊಂಡು ಪಾಸಾದವಳು. ದೇಚು ಆ ಸಂಜೆ ಘಾಜಿಯಾಬಾದಿಗೆ ಹೋಗಿ ಅಪ್ಪನನ್ನು ಕೇಳಿದಳು. ಅವರು ಹೇಳಿಬಿಟ್ಟರು. ಅಷ್ಟರಲ್ಲಿ ನಾನು ನಿವೃತ್ತಳಾಗಿ ಘಾಜಿಯಾಬಾದಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದೆ. ಕೆಲವು ದಿನ ಬಿಟ್ಟು ಅಲ್ಲಿಗೆ ಬಂದಳು.

"ಪಪ್ಪಾ ಮೇಲೆ ಗುಸ್ಸಾ ಇಲ್ಲ ಮ್ಯಾಮ್," ಎಂದಳು. "ಒಂದು ವರ್ಷ ನಾನು ಆರಾಮಾಗಿ ನಿದ್ದೆ ಮಾಡ್ದೆ. ಅವರು ಮಾಡ್ಲಿಲ್ಲ."

ಈ ಪ್ರಕರಣವನ್ನು ಬರೆಯಬಹುದೇ ಎಂದು ನಾನು ಕೇಳಿದ್ದು ಆ ಮಾತಿನ ಮೇಲೆಯೇ. ಹೆಸರು ಬದಲಿಸಿ ಬರೆಯಿರಿ, ಮಾತ್ರೆಯ ವಿಷಯ ಬಿಡಬೇಡಿ, ಬೇರೆ ಹುಡುಗಿಯರೂ ಹಾಗೆ ಮಾಡುತ್ತಾರೆ ಎಂದಳು. ಬದಲಿಸಿದ್ದೇನೆ.

ಈಗ ಅವಳು ಮುಖರ್ಜಿ ನಗರದ ಒಂದು ಕೋಚಿಂಗ್ ಕೇಂದ್ರದಲ್ಲಿ ಗಣಿತ ಕಲಿಸುತ್ತಾಳೆ. ತೂಕದ ಕಾರಣಕ್ಕೆ ಹೊರಬಿದ್ದ ಹುಡುಗಿಯರು ಯಾರಾದರೂ ಇದ್ದರೆ ನನ್ನಲ್ಲಿಗೆ ಕರೆತರುತ್ತಾಳೆ. ಕುಸ್ತಿಯವರು, ಕಬಡ್ಡಿಯವರು, ಹಾಲು ಕರೆದು, ಹುಲ್ಲು ಹೊತ್ತು ತೋಳು ಬಲಿತ ಹರಿಯಾಣದ ಹಳ್ಳಿಯವರು. ಸರ್ಕಾರಿ ವೈದ್ಯೆಯಾಗಿ ಉಳಿದಿಲ್ಲವಾದ್ದರಿಂದ ಪ್ರಮಾಣಪತ್ರವನ್ನು ನಾನು ಕೊಡುವಂತಿಲ್ಲ, ಯಾರ ಬಳಿ ಹೋಗಬೇಕು, ಏನೇನು ಅಳತೆ ಕೇಳಬೇಕು ಎಂದು ಹೇಳಿಕೊಡುತ್ತೇನೆ. ಮೂವತ್ತೈದು ವರ್ಷ ನಾನು ರೋಗಿಗಳಿಗೆ ಅಂಕಿಗಳನ್ನು ಓದಿ ಹೇಳಿದ್ದೇನೆ. ಒಂದು ಅಂಕಿಯನ್ನು ಯಾರದಾದರೂ ಕೈಗಿಟ್ಟ ಮೇಲೆ, ಮನೆಗೆ ಹೋಗಿ ಇದನ್ನು ಏನು ಮಾಡುತ್ತೀಯ ಎಂದು ಕೇಳುವುದೂ ವೈದ್ಯರ ಕೆಲಸದ ಭಾಗವೆಂದು ಕಲಿಸಿದ್ದು ಈ ಕೇಸು. ಆದ್ದರಿಂದ ಈಗ ಯಂತ್ರಕ್ಕೆ ಹತ್ತಿಸುವ ಮೊದಲೇ ಕೇಳುತ್ತೇನೆ: ನಿನ್ನೆಯಿಂದ ಏನು ತಿಂದೆ, ಎಷ್ಟು ನೀರು ಕುಡಿದೆ, ಮನೆಯಲ್ಲಿ ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ.

ಹೋದ ತಿಂಗಳು ದೇಚು ರೋಹ್ತಕ್ ಕಡೆಯ ಕುಸ್ತಿಯ ಹುಡುಗಿಯೊಬ್ಬಳನ್ನು ಕರೆತಂದಿದ್ದಳು. ಹುಡುಗಿಯ ತುಟಿ ಒಣಗಿತ್ತು. ನೀರು ಕುಡಿಯುತ್ತಿದ್ದೇನೆ ಎಂದು ನನಗೆ ಹೇಳಿದಳು. ದೇಚು ತನ್ನ ಚೀಲದಿಂದ ಬಾಟಲಿ ತೆಗೆದು ಕೊಟ್ಟಳು. ಹುಡುಗಿ ಎರಡು ಗುಟುಕು ಕುಡಿದು ಮುಚ್ಚಳ ಹಾಕಿದಳು. ದೇಚು ಬಾಟಲಿಯನ್ನು ಇಸಿದುಕೊಂಡು, ಮುಚ್ಚಳ ತೆಗೆದು, ಮತ್ತೆ ಅವಳ ಕೈಗೆ ಕೊಟ್ಟು, ಪೂರ್ತಿ ಮುಗಿಯುವವರೆಗೆ ಎದುರಿಗೇ ನಿಂತಳು.